ಕೆರೆಯ ದಂಡೆಯ ಮೇಲೆ ಬಿಟ್ಟ ಬೂಟು

ಹೊಳೆಪ್ಪ ಆ ಮಾತು ಕೊಟ್ಟಾಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮೊರಬದ ಕುರುಬರ ಓಣಿಯಲ್ಲಿ, ಲಕ್ಷ್ಮಪ್ಪನ ಮನೆಯ ಕಟ್ಟೆಯ ಮೇಲೆ, ದುರ್ಗವ್ವ ಜೋಳ ಹಸನು ಮಾಡುತ್ತ ಕೂತಿದ್ದಾಗ ಕೊಟ್ಟ ಮಾತು ಅದು. ಮರುದಿನ ಮುಂಜಾನೆಯ ಬಸ್ಸಿಗೆ ಅವನೂ ಆಕೆಯ ಮಗ ಕರಿಸಿದ್ದಪ್ಪನೂ ಬೆಳಗಾವಿಗೆ ಹೊರಡುವವರಿದ್ದರು. ಮಿಲಿಟರಿ ಭರ್ತಿಯಲ್ಲಿ ಇಬ್ಬರೂ ಪಾಸಾಗಿದ್ದರು. ಎಂಬತ್ತಾರನೆಯ ಇಸವಿ, ಸಂಕ್ರಾಂತಿ ಮುಗಿದು ವಾರವಾಗಿತ್ತು.

ದುರ್ಗವ್ವನ ತಮ್ಮನೊಬ್ಬ ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಸುದ್ದಿ ಕಾಗದದಲ್ಲಿ ಬಂದಿತ್ತು. ಟಪಾಲಿನವನು ಕಟ್ಟೆಯ ಕೆಳಗೆ ನಿಂತೇ ನಾಲ್ಕು ಸಾಲು ಓದಿ ಹೇಳಿ, ಕಾಗದ ಮಡಚಿ ಕೈಗಿಟ್ಟು, ಮುಂದಿನ ಮನೆಗೆ ಹೋಗಿದ್ದ. ತಮ್ಮ ಹೇಗೆ ಹೋದ, ಹೋಗುವಾಗ ಬಾಜುಕ ಯಾರಿದ್ದರು, ಏನಾದರೂ ಅಂದನೋ ಇಲ್ಲವೋ, ಆಕೆಗೆ ಅಂದಿನಿಂದ ಇಂದಿನವರೆಗೂ ಗೊತ್ತಾಗಿರಲಿಲ್ಲ. ಕಾಗದವನ್ನು ಮಾತ್ರ ಆಕೆ ಇನ್ನೂ ಇಟ್ಟುಕೊಂಡಿದ್ದಳು. ಓದಲು ಬರುತ್ತಿರಲಿಲ್ಲ.

"ತಮ್ಮಾ, ಏನರ ಆತಂದ್ರ ಕಾಗದದಾಗ ಬರೀಬ್ಯಾಡ. ನೀನ ಬರಬೇಕು. ಇಲ್ಲೇ ನನ್ನ ಮುಂದ ಕುಂತು ಹೇಳಬೇಕು. ಇದ್ದದ್ದು ಇದ್ದಂಗ" ಅಂದಳು.

ಹೊಳೆಪ್ಪ ನಕ್ಕ. ಏನೂ ಆಗುವುದಿಲ್ಲ, ಎರಡು ವರ್ಷಕ್ಕೆ ಇಬ್ಬರೂ ಟ್ರಂಕು ಹೊತ್ತು ಸೂಟಿಗೆ ಬರುತ್ತೇವೆ ಅಂದ. ಆಕೆ ಮೊರ ಬದಿಗಿಟ್ಟು, ಜೋಳದ ಧೂಳಿನ ಕೈಯಿಂದಲೇ ಅವನ ಮುಂಗೈ ಹಿಡಿದಳು. ಹೂಂ ಅನ್ನುವ ತನಕ ಬಿಡಲಿಲ್ಲ.

"ಹೂಂ ಯವ್ವಾ. ನಾನ ಬಂದು ಹೇಳತೀನಿ. ಇದ್ದದ್ದು ಇದ್ದಂಗ."

ಒಳಗಿನಿಂದ ಕರಿಸಿದ್ದಪ್ಪ ಕೂಗಿ ಹೇಳಿದ: "ಅವನ ಬಾಯಿಂದ ಖರೇ ಬರೂದು ಕಾಣೆ ಯವ್ವಾ. ಸಾಲ್ಯಾಗ ಏಳು ವರ್ಷ ಒಂದು ದಿನಾನೂ ಮಾಸ್ತರಗ ಖರೇ ಹೇಳಿದಂವಲ್ಲ." ಮೂವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಕಟ್ಟೆಯ ಮೇಲೆ ಆಕೆ ಹೊಳೆಪ್ಪನನ್ನು ತಮ್ಮಾ ಅನ್ನುತ್ತಿದ್ದಳು. ಗೌಡರ ಮನೆಯ ತಲಬಾಗಿಲಲ್ಲಿ ಸಿಕ್ಕರೆ ಸಣ್ಣ ಗೌಡ್ರ ಅನ್ನುತ್ತಿದ್ದಳು. ಹೊಳೆಪ್ಪ ಕುಬೇರಪ್ಪ ಗೌಡರ ಕಿರಿಮಗ. ಊರ ಪಡುವಣಕ್ಕೆ ಅವರದು ನಲವತ್ತು ಎಕರೆ ಎರಿ ಹೊಲ. ದುರ್ಗವ್ವನ ಗಂಡ ಲಕ್ಷ್ಮಪ್ಪ ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಆಳಾಗಿ ದುಡಿಯುತ್ತಿದ್ದ. ಮಳೆಗಾಲದಲ್ಲಿ ಮೊರಬದ ಕರಿ ಕೆಸರು ಚಪ್ಪಲಿಗೆ, ಅವರ ಮಾತಿನಲ್ಲಿ ಕಾಲ್ಮರಿಗೆ, ಮೆತ್ತಿಕೊಂಡರೆ ಒಂದೊಂದು ಸೇರು ತೂಗುತ್ತದೆ. ಗೌಡರು ಹೊಲದಿಂದ ಬಂದು ಕಾಲ್ಮರಿ ಕಳೆದು ಒಳಗೆ ಹೋದರೆ, ಲಕ್ಷ್ಮಪ್ಪ ಅದನ್ನು ಕಟಿಗೆ ಚಕ್ಕೆಯಿಂದ ಕೆರೆದು, ಒರೆಸಿ, ಹೊರಳಿಸಿ ಇಡುತ್ತಿದ್ದ. ಕರಿಸಿದ್ದಪ್ಪನಿಗೆ ಹತ್ತು ವರ್ಷವಾದ ಮೇಲೆ ಆ ಕೆಲಸ ಅವನ ಪಾಲಿಗೆ ಬಂತು. ಗೌಡರದೂ ಒರೆಸುತ್ತಿದ್ದ, ಹೊಳೆಪ್ಪನದೂ ಒರೆಸುತ್ತಿದ್ದ. ಹೊಲದಲ್ಲಿ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡವರು, ಒಂದೇ ಮರ ಹತ್ತಿ ಬಿದ್ದವರು. ಮನೆಯ ಬಾಗಿಲಿಗೆ ಬಂದ ಕೂಡಲೆ ಒಬ್ಬ ಒಳಗೆ, ಒಬ್ಬ ಕಾಲ್ಮರಿಯ ಹತ್ತಿರ. ಇದು ಯಾಕೆ ಹೀಗೆ ಎಂದು ಹೊಳೆಪ್ಪನಿಗೆ ಎಂದೂ ಅನ್ನಿಸಿರಲಿಲ್ಲ.

ಭರ್ತಿಯ ಸುದ್ದಿಯನ್ನು ನವಲಗುಂದದಿಂದ ತಂದವನು ಕರಿಸಿದ್ದಪ್ಪ. ಪಗಾರದ ಮಾತು ಆಡಲಿಲ್ಲ, ಬಂದೂಕಿನ ಮಾತೂ ಆಡಲಿಲ್ಲ. "ಅಲ್ಲಿ ಎಲ್ಲಾರಿಗೂ ಒಂದ ನಮೂನಿ ಬೂಟು ಕೊಡತಾರಂತ ಲೇ ಗೌಡಾ. ಅವರವರ ಬೂಟು ಅವರವರ ಒರಸಬೇಕಂತ" ಅಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಇದ್ದ ಬೆಳಕನ್ನು ನೋಡಿಯೇ ಹೊಳೆಪ್ಪ ತಾನೂ ಬರುತ್ತೇನೆ ಎಂದದ್ದು. ಅಪ್ಪ ಎಂಟು ದಿನ ಮಾತು ಬಿಟ್ಟರು. ಹೊಳೆಪ್ಪ ಹೋಗಿಯೇ ಹೋದ.

ತರಬೇತಿಯಲ್ಲಿ ಕರಿಸಿದ್ದಪ್ಪನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಕುರಿಯ ಹಿಂದೆ ದಿನಕ್ಕೆ ಹತ್ತು ಹರದಾರಿ ಅಡ್ಡಾಡಿದ ಕಾಲು. ಸಂಜೆ ಪಾಲಿಶಿನ ಡಬ್ಬಿ ತೆಗೆದು ಎಲ್ಲರೂ ಬೂಟಿಗೆ ಕೂತಾಗ, ಅವನು ತನ್ನದನ್ನು ಬೇಗ ಮುಗಿಸಿ ಹೊಳೆಪ್ಪನ ಎದುರು ಕುಕ್ಕರಗಾಲಲ್ಲಿ ಕೂರುತ್ತಿದ್ದ. ಗೌಡರ ಮಗ ಬೂಟು ಉಜ್ಜುವುದನ್ನು ನೋಡುವುದೇ ಅವನಿಗೆ ಒಂದು ಹಬ್ಬ. "ಹಿಮ್ಮಡಿ ಕಡೆ ಇನ್ನೂ ಮಸಕ ಐತಿ ನೋಡು" ಅನ್ನುತ್ತಿದ್ದ. ಹೊಳೆಪ್ಪ ಬ್ರಶ್ಶು ಬೀಸಿ ಒಗೆಯುತ್ತಿದ್ದ. ಅಣ್ಣಿಗೇರಿಯ ಸಿರಾಜುದ್ದೀನ ಅದನ್ನು ಹಿಡಿದು ತನ್ನ ಬೂಟಿಗೆ ಬಳಸಿಕೊಳ್ಳುತ್ತಿದ್ದ. ಅವನ ಮನೆಯವರು ಅಣ್ಣಿಗೇರಿ ಪೇಟೆಯಲ್ಲಿ ಕಾಳಿನ ಚೀಲ ಹೊರುವವರು. ಮೂವರೂ ಒಂದೇ ಪ್ಲಟೂನಿಗೆ ಬಿದ್ದರು.

ಎಂಬತ್ತೇಳರ ಅಕ್ಟೋಬರದಲ್ಲಿ ಅವರನ್ನು ಮದರಾಸಿಗೆ ಒಯ್ದು ಹಡಗು ಹತ್ತಿಸಿದರು. ಸಿಂಹಳಕ್ಕೆ ಎಂದರು. ಶಾಂತಿ ಕಾಯುವ ಪಡೆ ಎಂದರು. ಎರಡು ತಿಂಗಳ ಹಿಂದೆ ಹೋದವರಿಗೆ ಅಲ್ಲಿಯ ಜನ ಹಾರ ಹಾಕಿ ಎಳನೀರು ಕೊಟ್ಟಿದ್ದರಂತೆ. ಆಮೇಲೆ ಏನೋ ಕೆಟ್ಟಿದೆ ಎಂಬುದು ಅರ್ಧಂಬರ್ಧ ಕಿವಿಗೆ ಬಿದ್ದಿತ್ತು. ಆದರೂ ಹುಡುಗರು ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದುಕೊಂಡೇ ಹಡಗು ಹತ್ತಿದರು.

ಸಮುದ್ರವನ್ನು ಹೊಳೆಪ್ಪ ಚಿತ್ರದಲ್ಲಿ ನೋಡಿದ್ದ. ಚಿತ್ರಕ್ಕೆ ಒಂದು ಅಂಚಿರುತ್ತದೆ. ಇಲ್ಲಿ ಅಂಚೇ ಇರಲಿಲ್ಲ. ಅವರ ಊರಿನಲ್ಲಿ ಕೊಡ ನೀರಿಗೆ ಹೆಂಗಸರು ಸರದಿ ಹಚ್ಚಿ ನಿಲ್ಲುತ್ತಾರೆ. ಇಲ್ಲಿ ಕಣ್ಣು ಹೋದಷ್ಟು ದೂರ ನೀರು ಯಾರಿಗೂ ಬೇಡವಾಗಿ ಬಿದ್ದಿತ್ತು. ಅದು ಸುಮ್ಮನೆ ಬಿದ್ದಿರಲಿಲ್ಲ, ಉಸಿರಾಡುತ್ತಿತ್ತು. ಮೂರು ಸಾವಿರ ಜನ ಹೊತ್ತ ಕಬ್ಬಿಣದ ಹಡಗನ್ನು ಅದು ಕೂಸಿನ ಹಾಗೆ ಎತ್ತಿ ಇಳಿಸುತ್ತಿತ್ತು. ಕರಿಸಿದ್ದಪ್ಪ ಕಟಾಂಜನ ಹಿಡಿದು ನಿಂತ. ಸಿರಾಜುದ್ದೀನ ಕೊನೆಗೆ, ಇಷ್ಟು ನೀರು ಯಾರ ಹೊಲಕ್ಕ ಬಿಟ್ಟಾರೋ ಏನೋ ಅಂದ. ಯಾರೂ ನಗಲಿಲ್ಲ. ತಮಗಿಂತ ಇಷ್ಟು ದೊಡ್ಡದೊಂದು ಜಗತ್ತಿನಲ್ಲಿ ಇದೆ, ಅದರ ಪಾಡಿಗೆ ಅದು ಇದೆ ಎಂಬುದು ಮೂವರಿಗೂ ಅಂದೇ ಮೊದಲು ಹೊಳೆದದ್ದು.

ಹವಾಲ್ದಾರ ಗುಡದಪ್ಪ ಕುಂದಗೋಳದ ಕಡೆಯವನು, ಎಪ್ಪತ್ತೊಂದನ್ನು ನೋಡಿದವನು. ಯುದ್ಧ ಹೇಗಿರುತ್ತದೆ ಎಂದು ಹುಡುಗರು ಅವನನ್ನು ಕೇಳಿದರು. ನೋಡತೀರಲ್ಲ ಅಂದ ಅಷ್ಟೆ. ಆಮೇಲೆ, ಮಲಗಿದರೂ ಬೂಟು ಕಾಲಲ್ಲೇ ಇರಲಿ, ಉಂಡರೂ ಕಾಲಲ್ಲೇ ಇರಲಿ ಎಂದು ಹೇಳಿದ.

ನೋಡಿದರು.

ಯುದ್ಧ ಅಂದರೆ ತಾವು ಮಾಡುವ ಕೆಲಸ ಎಂದು ಅವರು ತಿಳಿದಿದ್ದರು. ಗುರಿ ಹಿಡಿಯುವುದು, ಗುಂಡು ಹೊಡೆಯುವುದು, ಮುಂದೆ ಓಡುವುದು. ಮೊದಲ ದಿನ ಅವರು ಒಂದು ಗುಂಡೂ ಹೊಡೆಯಲಿಲ್ಲ. ಕೆಂಪು ಮಣ್ಣಿನ ದಾರಿಯ ಬದಿಯ ಗಟಾರದಲ್ಲಿ ಮುಖ ಹುಗಿದು ಮಲಗಿದ್ದರು. ಯುದ್ಧ ಅವರ ಮೇಲಿಂದ ಹಾದುಹೋಗುತ್ತಿತ್ತು. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬರುತ್ತಿತ್ತು. ನೆಲ ಹಲ್ಲಿನ ಬುಡದಲ್ಲಿ ನಡುಗುತ್ತಿತ್ತು. ತಾಳೆ ಮರವೊಂದರ ತಲೆ ಕತ್ತರಿಸಿಹೋಗಿ ಗಾಳಿಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಬೀಳಬೇಕೆಂದು ನೆನಪಾದಂತೆ ಬಿದ್ದದ್ದನ್ನು ಹೊಳೆಪ್ಪ ಕಣ್ಣಾರೆ ಕಂಡ. ಅಂಜಿಕೆ ಆಗಲಿಲ್ಲ ಎಂದಲ್ಲ. ಆದರೆ ಅಂಜಿಕೆಗೂ ಒಂದು ಅಳತೆ ಬೇಕಲ್ಲ. ಇದು ಅಳತೆಗೆ ಸಿಗುವಂಥದ್ದಾಗಿರಲಿಲ್ಲ. ಬಾಯಿ ತೆರೆದು ನೋಡುವುದಷ್ಟೇ ಉಳಿದಿತ್ತು.

ಸಂಜೆ ಊರೊಂದರೊಳಗೆ ಹೊಕ್ಕರು. ಒಂದು ನರಪಿಳ್ಳೆ ಇರಲಿಲ್ಲ. ಒಂದು ಮನೆಯಲ್ಲಿ ಒಲೆ ಉರಿಯುತ್ತಿತ್ತು, ಅನ್ನ ಕುದಿಯುತ್ತಿತ್ತು. ಕರಿಸಿದ್ದಪ್ಪ ಬಂದೂಕು ಹೆಗಲಿಗೆ ಹಾಕಿಕೊಂಡು, ಬಗ್ಗಿ, ಒಲೆಯ ಕಟಿಗೆ ಹಿಂದಕ್ಕೆ ಎಳೆದ, ಅನ್ನ ಹೊತ್ತಬಾರದೆಂದು. ಹಿತ್ತಿಲಲ್ಲಿ ಅವರ ಓರಗೆಯವನೊಬ್ಬ ಅಂಗಾತ ಬಿದ್ದಿದ್ದ. ಎದುರಿನ ಕಡೆಯವನು. ಅವನ ತಲೆಗೂ ಎಣ್ಣೆ ಹಚ್ಚಿ, ನೆಟ್ಟಗೆ ಬೈತಲೆ ತೆಗೆದಿತ್ತು, ಅದೇ ಮುಂಜಾನೆ. ಮೂವರೂ ಅವನ ಸುತ್ತ ನಿಂತರು. ಬೈತಲೆಯ ಒಂದು ಕೂದಲೂ ಆಚೀಚೆ ಆಗಿರಲಿಲ್ಲ. ಹವಾಲ್ದಾರ ಬಂದು ತಳ್ಳುವ ತನಕ ಅಲ್ಲಿಂದ ಕದಲಲಿಲ್ಲ.

ಮೂರನೆಯ ದಿನ ನೀರು ತೀರಿತು. ಪ್ಲಟೂನು ಒಂದು ಬಿಟ್ಟ ಶಾಲೆಯಲ್ಲಿ ಇಳಿದಿತ್ತು. ಹತ್ತಿರದ ಬಾವಿಯಲ್ಲಿ ಸತ್ತ ಎಮ್ಮೆ ತೇಲುತ್ತಿತ್ತು. ಅರ್ಧ ಮೈಲಿ ಆಚೆ ಗುಡಿ ಇದೆ, ಗುಡಿಯ ಮುಂದೆ ಕೆರೆ ಇದೆ ಎಂದು ನಕಾಶೆ ಹೇಳುತ್ತಿತ್ತು. ಯಾರು ಹೋಗುತ್ತೀರಿ ಎಂದು ಹವಾಲ್ದಾರ ಕೇಳಿದ. ಕರಿಸಿದ್ದಪ್ಪ ತನ್ನ ಕೈ ಎತ್ತಿದ. ಇನ್ನೊಂದು ಕೈಯಿಂದ ಹೊಳೆಪ್ಪನ ಕೈಯನ್ನೂ ಹಿಡಿದು ಎತ್ತಿದ. ಸಿರಾಜುದ್ದೀನ ತಾನೇ ಎದ್ದ. ಮೂರು ಕ್ಯಾನು ಕೊಟ್ಟು ಕಳಿಸಿದರು.

ಗುಡಿಯ ಗೋಡೆ ದಾಟಿದಾಗ ಮೂವರೂ ನಿಂತುಬಿಟ್ಟರು. ಒಳಗೆ ಜನ. ನೂರಲ್ಲ, ಇನ್ನೂರಲ್ಲ. ಪ್ರಾಕಾರದ ತುಂಬ, ಮಂಟಪದ ತುಂಬ, ಕಂಬಕ್ಕೆ ಕಂಬಕ್ಕೆ ಆನಿಕೊಂಡು, ಮಕ್ಕಳು, ಮುದುಕರು, ಬಾಣಂತಿಯರು, ಗಂಟುಗಳು, ಕೋಳಿಗಳು. ಊರೂರೇ ಅಲ್ಲಿ ಬಂದು ಕೂತಿತ್ತು. ಸಾವಿರಾರು ಜನ, ಸದ್ದಿಲ್ಲ. ಕೂಸು ಕೂಡ ಅಳುತ್ತಿರಲಿಲ್ಲ. ಅಷ್ಟೂ ಕಣ್ಣು ಈ ಮೂವರ ಬಂದೂಕಿನ ಮೇಲೆ. ಆ ಮೌನದ ಮುಂದೆ ಹೊಳೆಪ್ಪನಿಗೆ ಮೊದಲ ದಿನದ ಸದ್ದು ಏನೂ ಅಲ್ಲವೆನ್ನಿಸಿತು.

ಜನರ ಆಚೆ ಕೆರೆ. ನಾಲ್ಕೂ ಕಡೆ ಕಲ್ಲಿನ ಪಾವಟಿಗೆ, ನಡುವೆ ತಿಳಿ ನೀರು.

ಮೊರಬದ ಸೀಮೆಯಲ್ಲಿ ಬಾವಿ ತೋಡಿದರೆ ಸವಳು ನೀರು ಬರುತ್ತದೆ. ಕುಡಿಯುವುದಕ್ಕೆ ಕೆರೆಯ ಮಳೆನೀರೊಂದೇ. ಅದಕ್ಕೇ ಆ ಕಡೆಯ ಊರುಗಳಲ್ಲಿ ಕುಡಿಯುವ ನೀರಿನ ಕೆರೆಗೆ ಕಾಲ್ಮರಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಗೌಡನಾಗಲಿ, ಆಳಾಗಲಿ, ಫೌಜದಾರನಾಗಲಿ, ದಂಡೆಯ ಮೇಲೆ ಬಿಟ್ಟೇ ಇಳಿಯಬೇಕು. ನಡೆಯಲು ಕಲಿತ ಕೂಸಿಗೆ ಮೊದಲು ಕಲಿಸುವುದು ಅದನ್ನೇ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಮಾತಾಡಲಿಲ್ಲ. ದಂಡೆಯ ಮೇಲೆ ಕೂತು, ಲೇಸು ಬಿಚ್ಚಿ, ಬೂಟು ಕಳೆದು ಸಾಲಾಗಿ ಇಟ್ಟರು. ಹವಾಲ್ದಾರನ ಮಾತು ಒಬ್ಬರಿಗೂ ನೆನಪಾಗಲಿಲ್ಲ. ಬೇರೆ ಯಾವ ಸೀಮೆಯ ಸಿಪಾಯಿಯಾಗಿದ್ದರೂ ಬೂಟಿನಲ್ಲೇ ಇಳಿದು ನೀರು ತುಂಬಿಕೊಂಡು ಹೋಗುತ್ತಿದ್ದ.

ಬರಿಗಾಲಲ್ಲಿ ಇಳಿಯುವುದನ್ನು ಕಂಡು ಜನರ ನಡುವಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಅವರ ಕಾಲು ನೋಡಿದಳು. ಹಿಂದಕ್ಕೆ ತಿರುಗಿ ತನ್ನವರಿಗೆ ಏನೋ ಅಂದಳು. ಅಲ್ಲಲ್ಲಿ ಒಂದೆರಡು ಮುಖ ಸಡಿಲಾದವು. ಆಕೆ ತನ್ನ ಹಿತ್ತಾಳೆ ಚೊಂಬಿನಿಂದ ಸಿರಾಜುದ್ದೀನನ ಕ್ಯಾನಿಗೆ ತಾನೇ ನೀರು ಮೊಗೆಯತೊಡಗಿದಳು. ಅವಳ ಮಾತಿನಲ್ಲಿ ಅವರಿಗೆ ತಿಳಿದದ್ದು ತಣ್ಣೀರು ಅನ್ನುವುದೊಂದೇ. ಮೂರು ದಿನದಿಂದ ಕೊಲ್ಲುತ್ತಿರುವವರೂ ಸಾಯುತ್ತಿರುವವರೂ ಇರುವ ನೆಲದಲ್ಲಿ ಒಬ್ಬ ಮುದುಕಿ ಪರದೇಶದ ಸಿಪಾಯಿಗೆ ಚೊಂಬಿನಿಂದ ನೀರು ಹಾಕುವುದು ನೋಡಿ ಹೊಳೆಪ್ಪ ತನ್ನ ಕ್ಯಾನನ್ನೂ ಆಕೆಯ ಮುಂದೆ ಇಟ್ಟ. ಕರಿಸಿದ್ದಪ್ಪ ಬೊಗಸೆ ತುಂಬಿ ಕುಡಿದ. ಸಿಹಿ ಐತಿ ಲೇ, ನಮ್ಮ ಕೆರಿಗಿಂತ ಸಿಹಿ ಐತಿ ಅಂದ.

ಆಗ ದಾರಿಯ ಕಡೆಯಿಂದ ಗುಂಡು ಹಾರತೊಡಗಿದವು. ಆ ಸಾವಿರಾರು ಜನ, ಗಾಳಿಗೆ ಜೋಳದ ಬೆಳೆ ಬಾಗಿದ ಹಾಗೆ, ಒಮ್ಮೆಲೇ ನೆಲಕ್ಕೆ ಒರಗಿದರು. ಇಲ್ಲಿಂದ ತಿರುಗಿ ಗುಂಡು ಹೊಡೆದರೆ ಈ ಜನಕ್ಕೆ ಏನಾಗುತ್ತದೆ ಎಂಬುದು ಯಾರೂ ಹೇಳದೆ ಮೂವರಿಗೂ ಗೊತ್ತಾಯಿತು. ಕ್ಯಾನು, ಬಂದೂಕು ಹಿಡಿದು ನೀರಿನ ಅಂಚಿನಲ್ಲೇ ಬಗ್ಗಿ ಓಡಿ, ಆಚೆ ಕಡೆಯ ಒಡೆದ ಗೋಡೆ ಹಾರಿ, ತಾಳೆಯ ತೋಪಿಗೆ ಬಿದ್ದರು. ಬೂಟು ಈಚೆ ದಂಡೆಯ ಮೇಲೆ ಉಳಿದವು.

ತಾಳೆಯ ಗರಿಯ ದಿಂಡಿಗೆ ಎರಡೂ ಅಂಚಿಗೆ ಗರಗಸದಂಥ ಹಲ್ಲು. ತೋಪಿನ ನೆಲದ ತುಂಬ ಒಣಗಿದ ದಿಂಡುಗಳೇ. ಮುಳ್ಳಿನಲ್ಲಿ ಬೆಳೆದ ಕಾಲು ಕರಿಸಿದ್ದಪ್ಪನದು. ಅವನು ಮುಂದೆ ಮುಂದೆ ಹೋಗುತ್ತಿದ್ದ. ಸಿರಾಜುದ್ದೀನ ಹಲ್ಲು ಕಚ್ಚಿ ಬರುತ್ತಿದ್ದ. ಹೊಳೆಪ್ಪನಿಗೆ ಇನ್ನೂರು ಹೆಜ್ಜೆಗೆ ಎರಡೂ ಅಂಗಾಲು ಹರಿದು ರಕ್ತ ಸೋರತೊಡಗಿತು. ಕೂತುಬಿಟ್ಟ. ಹೊತ್ತುಕೊಳ್ಳುತ್ತೇನೆ ಬಾ ಎಂದು ಸಿರಾಜುದ್ದೀನ ಅಂದ. ನೀರಿನ ಕ್ಯಾನು ಯಾರು ಹೊರಬೇಕು? ಅಷ್ಟರಲ್ಲಿ ಗುಂಡಿನ ಸದ್ದು ನಿಂತಿತ್ತು. ಅಗದಿ ನಿಶ್ಶಬ್ದವಾಗಿತ್ತು.

"ಕರಿಸಿದ್ದಾ, ನನ್ನ ಬೂಟು ತಗೊಂಡು ಬಾ ಹೋಗು" ಅಂದ ಹೊಳೆಪ್ಪ.

ಅಂದದ್ದು ಅಷ್ಟೆ. ಲೇ ಅನ್ನಲಿಲ್ಲ, ತರತೀಯೇನೋ ಎಂದು ಕೇಳಲಿಲ್ಲ. ನೋವಿನಲ್ಲಿ ಬಾಯಿಗೆ ಬಂದದ್ದು ಮನೆಯ ಪಡಸಾಲೆಯ ಧ್ವನಿ. ಅಪ್ಪನ ಧ್ವನಿ. ಎರಡು ವರ್ಷದಿಂದ ಎಲ್ಲಿ ಮಲಗಿತ್ತೋ, ಒಂದು ಮುಳ್ಳು ಚುಚ್ಚಿದ್ದೇ ಎದ್ದು ಬಂದಿತ್ತು. ಆಡಿದ ಕೂಡಲೆ ಅದು ಅವನ ಕಿವಿಗೇ ಕೇಳಿಸಿತು. ನುಂಗಿಕೊಳ್ಳುವುದಕ್ಕೆ ಬರಲಿಲ್ಲ.

ಕರಿಸಿದ್ದಪ್ಪ ನಿಂತು ಅವನನ್ನು ನೋಡಿದ. ಕ್ಯಾನು ಕೆಳಗಿಟ್ಟ.

"ತರತೀನ್ರಿ" ಅಂದ.

ಊರು ಬಿಟ್ಟ ಮೇಲೆ ಅವನು ಹೊಳೆಪ್ಪನಿಗೆ ರಿ ಹಚ್ಚಿ ಮಾತಾಡಿದ್ದು ಅದೊಂದೇ ಸಲ. ಚಾಷ್ಟಿಗೆ ಅಂದನೋ, ಮನಸ್ಸಿಗೆ ಹತ್ತಿ ಅಂದನೋ, ಮುಖ ನೋಡುವಷ್ಟರಲ್ಲಿ ತಿರುಗಿ ಹೋಗಿದ್ದ. ಮರದಿಂದ ಮರಕ್ಕೆ, ಕುರಿ ಹುಡುಕಲು ಹೋಗುವವನ ಹಾಗೆ ಸಲೀಸಾಗಿ ಹೋದ.

ಒಂದೇ ಗುಂಡು. ಆಮೇಲೆ ಮತ್ತೆ ನಿಶ್ಶಬ್ದ.

ಸಿರಾಜುದ್ದೀನ ಶಾಲೆಗೆ ಓಡಿ ಹವಾಲ್ದಾರನನ್ನೂ ಹತ್ತು ಜನರನ್ನೂ ಕರೆತಂದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕರಿಸಿದ್ದಪ್ಪನನ್ನು ತೋಪಿಗೆ ಹೊತ್ತು ತಂದರು. ದಂಡೆಯಿಂದ ತಿರುಗಿ ಬರುವಾಗ ಅವನು ಮೂರು ಜೋಡಿಯನ್ನೂ ಲೇಸಿನಿಂದ ಗಂಟು ಹಾಕಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ. ತನ್ನದನ್ನು ಹಾಕಿಕೊಳ್ಳುವುದಕ್ಕೂ ನಿಂತಿರಲಿಲ್ಲ. ಆ ಮುದುಕಿ ಅವನ ಮುಖದ ಮೇಲೆ ಒಂದು ಅರಿವೆ ಹಾಕಿದ್ದಳಂತೆ. ಗುಡದಪ್ಪ ಮೂವರ ಬರಿಗಾಲನ್ನೂ ನೋಡಿದ. ಬೈಯುತ್ತಾನೆಂದು ಹೊಳೆಪ್ಪ ಕಾದ. ಬೈದಿದ್ದರೆ ಚಲೋ ಇತ್ತು. ಹವಾಲ್ದಾರ ಆ ಗಂಟಿನಿಂದ ಒಂದು ಜೋಡಿ ಬಿಚ್ಚಿ, ಮೊಳಕಾಲೂರಿ ಕೂತು, ಹರಿದ ಅಂಗಾಲಿಗೆ ಪಟ್ಟಿ ಸುತ್ತಿ, ಬೂಟು ತೊಡಿಸಿ, ಲೇಸು ಕಟ್ಟಿದ. ಎಪ್ಪತ್ತೊಂದನ್ನು ನೋಡಿದವನು ತನ್ನ ಕಾಲ ಬುಡದಲ್ಲಿ ಕೂತು ಲೇಸು ಬಿಗಿಯುವುದನ್ನು ಹೊಳೆಪ್ಪ ನೋಡುತ್ತ ಕೂತ.

ದಹನ ಅಲ್ಲಿಯೇ ಆಯಿತು. ಪ್ಲಟೂನಿಗೆ ನೀರು ತರಲು ಸ್ವಂತ ಇಚ್ಛೆಯಿಂದ ಮುಂದೆ ಬಂದು, ಶತ್ರುವಿನ ಗುಂಡಿಗೆ ಬಲಿಯಾದ ಎಂದು ಹವಾಲ್ದಾರ ಬರೆದುಕೊಟ್ಟ. ಬರೆದು ಹೊಳೆಪ್ಪನಿಗೆ ಓದಿ ಹೇಳಿ, ಇದರಾಗ ಸುಳ್ಳು ಏನೂ ಇಲ್ಲ ಅಂದ. ಇರಲಿಲ್ಲ. ಹೊಳೆಪ್ಪ ಊರಿಗೆ ಕಾಗದ ಬರೆಯಲಿಲ್ಲ.

ನಾಲ್ಕು ತಿಂಗಳ ಮೇಲೆ ಅವನಿಗೆ ಸೂಟಿ ಸಿಕ್ಕಿತು. ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಮೊರಬದಲ್ಲಿ ಇಳಿದಾಗ ಊರು ಅವನಿಗಿಂತ ಮುಂಚೆಯೇ ಎಲ್ಲವನ್ನೂ ತಿಳಿದುಕೊಂಡಿತ್ತು. ಶಾಲೆಯ ಗೋಡೆಗೆ ಕರಿಸಿದ್ದಪ್ಪನ ಫೋಟೋ, ಮಾಲೆ. ಕಾಗದದ ನಾಲ್ಕು ಸಾಲು ಬಾಯಿಂದ ಬಾಯಿಗೆ ದೊಡ್ಡದಾಗಿತ್ತು. ಹತ್ತು ಮಂದಿಯನ್ನು ಹೊಡೆದು ಉರುಳಿಸಿ, ಸಣ್ಣ ಗೌಡರನ್ನು ಬೆನ್ನ ಮೇಲೆ ಹೊತ್ತು ತಂದು, ಆಮೇಲೆ ಪ್ರಾಣ ಬಿಟ್ಟನಂತೆ. ಚಾದ ಅಂಗಡಿಯಲ್ಲಿ ಹೊಳೆಪ್ಪನ ಎದುರೇ ಅದನ್ನು ಹೇಳಿದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅವನನ್ನು ಬೆರಗುಗೊಳಿಸಿದವನು ಲಕ್ಷ್ಮಪ್ಪ. ಇಪ್ಪತ್ತು ವರ್ಷ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಪಂಚಾಯ್ತಿ ಕಟ್ಟೆಯಲ್ಲಿ ಅವನಿಗೆ ಜಾಗ ಬಿಡುತ್ತಿದ್ದರು. ಕುಬೇರಪ್ಪ ಗೌಡರೇ ಬರ್ರಿ ಲಕ್ಷ್ಮಪ್ಪ ಎಂದು ಕರೆದು, ತಾವು ಕುಡಿಯುವ ಕಪ್ಪಿನಲ್ಲೇ ಚಾ ಕೊಡಿಸುತ್ತಿದ್ದರು. ಮಗನಿಗಾಗಿ ಅಳುವಾಗಲೂ ಲಕ್ಷ್ಮಪ್ಪ ತಲೆ ಎತ್ತಿ ಅಳುತ್ತಿದ್ದ.

ಹೊಳೆಪ್ಪ ಮೂರನೆಯ ದಿನ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದ. ಕುಬೇರಪ್ಪ ಎಲೆ ಅಡಿಕೆ ಮಡಚುವುದನ್ನು ನಿಲ್ಲಿಸಿ ಕೇಳಿದರು. ಯಾರ ಮುಂದೆಯೂ ಆಡಬೇಡ ಅಂದರು. "ಆ ಮನಶ್ಯಾ ಈಗ ನೆಟ್ಟಗ ಕುಂತಾನ. ನಿನ್ನ ಹೊಟ್ಟಿ ಹಗುರ ಮಾಡ್ಕೊಳ್ಳಾಕ ಅವನ್ನ ಮತ್ತ ಕೆಳಗ ಕುಂಡ್ರಸತೀಯೇನು? ಮಗಾ ಗೌಡನ ಮಗನ ಕೆರಾ ಹೊತ್ತು ಸತ್ತಾ ಅಂತ ಕೇಳಿಸಿಕೊಂಡು ಅವಾ ಹೆಂಗ ಬಾಳ್ವೆ ಮಾಡಬೇಕು?" ಅಂದರು. ಅದರಲ್ಲಿ ಅರ್ಧ ಲಕ್ಷ್ಮಪ್ಪನ ಸಲುವಾಗಿ ಆಡಿದ್ದು, ಅರ್ಧ ತಮ್ಮ ಮನೆತನದ ಸಲುವಾಗಿ ಎಂಬುದು ಹೊಳೆಪ್ಪನಿಗೆ ಗೊತ್ತಿತ್ತು. ಆದರೂ ಲಕ್ಷ್ಮಪ್ಪನ ಪಾಲಿನ ಆ ಅರ್ಧ ಸುಳ್ಳಾಗಿರಲಿಲ್ಲ. ಹೊಳೆಪ್ಪನ ಕಾಲು ಅಲ್ಲೇ ಹೂತುಹೋದದ್ದು ಅದಕ್ಕೇ. ಊರಿಗೆ ಬಂದು ನಾಲ್ಕು ದಿನವಾದರೂ ಅವನು ಕುರುಬರ ಓಣಿಯ ಕಡೆ ಮುಖ ಹಾಕಲಿಲ್ಲ. ದುರ್ಗವ್ವನೂ ಕರೆ ಕಳಿಸಲಿಲ್ಲ.

ಐದನೆಯ ದಿನ ಮುಂಜಾನೆ, ಲಕ್ಷ್ಮಪ್ಪ ಪಂಚಾಯ್ತಿ ಕಟ್ಟೆಗೆ ಹೋದದ್ದನ್ನು ನೋಡಿ, ಹೊಳೆಪ್ಪ ಎದ್ದು ಹೋದ.

ದುರ್ಗವ್ವ ಒಳಗೆ ಉಣ್ಣೆ ಹಿಂಜುತ್ತ ಕೂತಿದ್ದಳು. ಕುಂಡ್ರು ಅಂದಳು. ಯಾಕೆ ತಡಮಾಡಿದೆ ಎಂದು ಕೇಳಲಿಲ್ಲ. ಅವನು ಆಕೆಯ ಎದುರು ನೆಲದ ಮೇಲೆ ಕೂತ. ಆಕೆ ಉಣ್ಣೆಯನ್ನು ಬಿಡಲಿಲ್ಲ. ಬೆರಳು ತಮ್ಮಷ್ಟಕ್ಕೆ ಎಳೆ ಬಿಡಿಸುತ್ತಿದ್ದವು. ಹೊಳೆಪ್ಪ ಹಡಗಿನಿಂದ ಶುರು ಮಾಡಿದ. ಒಲೆಯ ಕಟಿಗೆ ಎಳೆದದ್ದನ್ನು ಹೇಳಿದ. ಗುಡಿ ಹೇಳಿದ, ಕೆರೆ ಹೇಳಿದ, ಮೂವರೂ ಬೂಟು ಕಳೆದದ್ದನ್ನು ಹೇಳಿದ. ಅಲ್ಲಿ ಆಕೆ ಒಮ್ಮೆ ಗೋಣು ಹಾಕಿದಳು, ಮಗ ಸರಿಯಾದದ್ದನ್ನೇ ಮಾಡಿದ ಎನ್ನುವ ಹಾಗೆ.

"ನೀರು ಕುಡದಿದ್ನಾ?"

"ಕುಡದಾ ಯವ್ವಾ. ಬೊಗಸಿ ತುಂಬ ಕುಡದಾ. ಸಿಹಿ ಐತಿ ಅಂದಾ."

ತೋಪು ಹೇಳಿದ. ಅಂಗಾಲು ಹರಿದದ್ದನ್ನು ಹೇಳಿದ. ಅಲ್ಲಿಗೆ ಬಂದು ಅವನ ಮಾತು ನಿಂತಿತು. ಕರಿಸಿದ್ದಪ್ಪ ಬೂಟು ತರಲು ತಿರುಗಿ ಹೋದ ಎಂದುಬಿಡಬಹುದಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ.

ಬೆರಳು ಉಣ್ಣೆಯಲ್ಲಿ ನಿಂತವು. "ತಾನ ಹೋದ್ನೋ, ನೀ ಕಳಿಸಿದ್ಯೋ?"

"ನಾ ಕಳಿಸಿದೆ."

"ಹೆಂಗ ಅಂದಿ?"

ಹೊಳೆಪ್ಪ ಅಂದದ್ದನ್ನು ಅಂದ ಹಾಗೇ ಅಂದ. ಅದೇ ಧ್ವನಿಯಲ್ಲಿ. ಆ ಮನೆಯಲ್ಲಿ, ಆಕೆಯ ಮುಖದ ಮುಂದೆ, ಅದು ತೋಪಿನಲ್ಲಿ ಕೇಳಿದ್ದಕ್ಕಿಂತ ಕೆಟ್ಟದಾಗಿ ಕೇಳಿಸಿತು.

"ಅವ ಏನಂದ?"

"ತರತೀನ್ರಿ ಅಂದಾ."

ದುರ್ಗವ್ವ ಅಳಲಿಲ್ಲ. ಅವನನ್ನು ನೋಡುತ್ತ ಕೂತಳು. ಎಷ್ಟು ಹೊತ್ತು ಎಂಬುದು ಹೊಳೆಪ್ಪನಿಗೆ ತಿಳಿಯಲಿಲ್ಲ. ಹೊರಗೆ ಯಾರದೋ ಟ್ರ್ಯಾಕ್ಟರು ಬಂದು, ಹಾದು, ದೂರವಾಯಿತು. ಎದ್ದು ಹೋಗುವುದಕ್ಕೆ ಅವನಿಂದ ಆಗಲಿಲ್ಲ, ತಲೆ ತಗ್ಗಿಸುವುದಕ್ಕೂ ಆಗಲಿಲ್ಲ. ಒಬ್ಬ ಹೆಂಗಸಿನ ಮುಖದಲ್ಲಿ ಇಷ್ಟು ಹಿಡಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸಿಟ್ಟು ಅಲ್ಲಿತ್ತು, ಮಗ ಅಲ್ಲಿದ್ದ, ಇಪ್ಪತ್ತು ವರ್ಷದ ತಲಬಾಗಿಲು ಅಲ್ಲಿತ್ತು. ಎಲ್ಲವೂ ಬಂದವು, ಎಲ್ಲವೂ ಹೋದವು. ಆಕೆ ಅಲುಗಲಿಲ್ಲ.

"ಊರಾಗ ಇದನ್ನ ಹೇಳೂದು ಬಿಡೂದು ನನಗ ಬಿಡು" ಅಂದಳು ಕೊನೆಗೆ. "ನಿಮ್ಮಪ್ಪಗೂ ಹೇಳು, ಅದು ನಂದು ಅಂತ. ಇನ್ನ ಹೋಗು."

ಹೊಳೆಪ್ಪ ಎದ್ದ. ಬಾಗಿಲಲ್ಲಿ ಲಕ್ಷ್ಮಪ್ಪ ಎದುರಾದ. ಯಾವಾಗ ಬಂದ್ರಿ ಸಣ್ಣ ಗೌಡ್ರ, ಚಾ ಕುಡದ್ರೋ ಇಲ್ಲೋ ಎಂದು ಕೇಳಿದ. ಒಳಗಿನಿಂದ ದುರ್ಗವ್ವ, ಅವರು ಹೊಂಟಾರ, ಹೋಗಲಿ ಬಿಡು ಅಂದಳು. ಚಾಕ್ಕೆ ಎಸರು ಇಡಲಿಲ್ಲ. ತಮ್ಮಾ ಎಂದು ಆಕೆ ಅವನನ್ನು ಮತ್ತೆ ಕರೆಯಲಿಲ್ಲ, ಅಂದೂ ಇಲ್ಲ, ಮುಂದೆಯೂ ಇಲ್ಲ.

ಹೊಳೆಪ್ಪ ಕೊಟ್ಟ ಮಾತು ನಡೆಸಿದ್ದ.